ಉಡಿ ತುಂಬಿದ ಪಾರ್ಸೆಲ್

"ವಿಡಿಯೋ ಮಾಡೀರೇನ್ರಿ?"

ಕೊರಿಯರ್ ಕೌಂಟರಿನ ಹಿಂದೆ ಕೂತವನು ಕೇಳಿದ ಮೊದಲ ಮಾತೇ ಇದು. ನಾಗಜ್ಯೋತಿಗೆ ಮೈಯೆಲ್ಲ ಉರಿಯಿತು. ಆಂಧ್ರದ ಗಡಿಯ ತನ್ನೂರು ಪೆದ್ದಹರಿವಾಣದಿಂದ ಆದೋನಿಯವರೆಗೆ ಶೇರ್ ಆಟೋದಲ್ಲಿ, ಒಂದು ಹಿಂಡಿ ಚೀಲಕ್ಕೂ ಒಬ್ಬ ದಪ್ಪ ಅಜ್ಜಿಗೂ ನಡುವೆ ಸಿಕ್ಕಿಕೊಂಡು, ತೊಡೆಯ ಮೇಲೆ ಪಾರ್ಸೆಲ್ ಹೊತ್ತು ಬಂದಿದ್ದಳು. ಬಿಸಿಲಿಗೆ ತಲೆ ಕಾದಿತ್ತು. ಅಂಥದ್ದರಲ್ಲಿ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ, ವಿಡಿಯೋ ಅಂತೆ!

"ಯಾರ ವಿಡಿಯೋ?" ಎಂದಳು ದನಿ ಏರಿಸಿ.

"ಅಯ್ಯೋ, ನಿಮ್ಮದಲ್ರಿ ತಾಯೀ!" ಅವನು ಎರಡೂ ಕೈ ಮೇಲೆತ್ತಿದ. "ಮಾಲಿಂದು. ಕಟ್ಟೋ ಮುಂದ ವಿಡಿಯೋ ಮಾಡೀರೇನು ಅಂತ ಕೇಳಿದೆ."

"ಕೌದಿ ಐತಿ ಇದರಾಗ. ನಮ್ಮಮ್ಮ ಹೊಲಿದದ್ದು. ಕದ್ದ ಮಾಲಲ್ಲ."

"ಕದ್ದ ಮಾಲು ಅಂತ ನಾ ಎಲ್ಲಿ ಅಂದೆ? ನಾಳೆ ದಾರಿಯಾಗ ಯಾರರ ಕದ್ರ ಏನ್ ಮಾಡ್ತೀರಿ ಅಂತ ಕೇಳಾಕತ್ತೀನಿ."

ನಾಗಜ್ಯೋತಿ ಪಾರ್ಸೆಲ್ ಕಡೆ ನೋಡಿದಳು. ಡಿಗ್ರಿ ಮುಗಿಸಿ ಮನೆಯಲ್ಲಿ ಕೂತವಳು, ಅಮ್ಮ ಸುಭದ್ರಮ್ಮ ಹಳೆ ಸೀರೆಗಳನ್ನು ಪದರ ಪದರ ಜೋಡಿಸಿ ಹೊಲಿಯುವ ಕೌದಿಗಳ ಫೋಟೋ ತೆಗೆದು ಆನ್‌ಲೈನ್ ಅಂಗಡಿಯೊಂದರಲ್ಲಿ ಹಾಕಿದ್ದಳು. ಹಾಕಿದ ಹನ್ನೊಂದನೇ ದಿನ ಮೊದಲ ಆರ್ಡರ್ ಬಂದಿತ್ತು. ಕಳಿಸುವುದಕ್ಕೂ ಒಂದು ವಿದ್ಯೆ ಬೇಕೆಂದು ಅವಳಿಗೆ ಹೇಳಿದವರು ಯಾರು?

ಅವನು ಹೇಳಿದ. ಹಿಂದೆ ಸಾಲಿನಲ್ಲಿ ನಿಂತವರು ಗೊಣಗುತ್ತಿದ್ದರೂ ಕೇಳದೆ ಅವಳ ಪಾರ್ಸೆಲ್ ಬಿಚ್ಚಿಸಿದ. ಅವಳದೇ ಫೋನ್ ಇಸಿದುಕೊಂಡು ಮೇಲಿಂದ ಹಿಡಿದ. "ನಾಲ್ಕೂ ಮೂಲಿ ತೋರಸ್ರಿ. ಹಿಂದ ಮುಂದ ತಿರುವ್ರಿ. ಈಗ ತಕ್ಕಡಿ ಮ್ಯಾಲ ಇಡ್ರಿ, ನಂಬರ್ ಕಾಣಬೇಕು. ಈಗ ಕಟ್ರಿ. ಟೇಪ್ ಹಚ್ಚೂತನ ವಿಡಿಯೋ ನಿಲ್ಲಸಬಾರದು." ಕೊನೆಗೆ ಜೇಬಿನಿಂದ ಕಪ್ಪು ಮಾರ್ಕರ್ ತೆಗೆದುಕೊಟ್ಟ. "ಟೇಪಿನ ಮ್ಯಾಲ ಅರ್ಧ, ಡಬ್ಬಿ ಮ್ಯಾಲ ಅರ್ಧ ಬರೂ ಹಂಗ ಸಹಿ ಹಾಕ್ರಿ. ಯಾರರ ಬಿಚ್ಚಿದ್ರ ಸಹಿ ಸೀಳತೈತಿ."

ನಾಗಜ್ಯೋತಿ ಹಲ್ಲು ಕಚ್ಚಿ ಸಹಿ ಹಾಕಿದಳು. "ಇಷ್ಟೆಲ್ಲಾ ಡೌಟ್ ಪಟ್ಕೊಂಡು ಬದುಕಾಕ ಆಗ್ತೈತೇನ್ರಿ ನಿಮಗ?"

ಅವನು ನಗಲಿಲ್ಲ. ಪಕ್ಕದ ಮರದ ಬೆಂಚು ತೋರಿಸಿದ. "ಹೋದ ವರ್ಷ ಒಬ್ಬ ಅಕ್ಕ ಗಾಜಿನ ಬಳಿ ಕಳಿಸಿದ್ಲು. ಕೊಂಡವರು, ಡಬ್ಬಿಯಾಗ ಬರೇ ಕಲ್ಲು ಅದಾವ ಅಂದ್ರು. ಯಾರದು ಖರೆ, ಯಾರದು ಸುಳ್ಳು, ಇವತ್ತಿಗೂ ಗೊತ್ತಿಲ್ಲ. ಆಕಿ ಅಲ್ಲೇ ಕುಂತು ಅತ್ಲು. ನನ್ನ ಕೈಲೆ ಏನೂ ಆಗಲಿಲ್ಲ."

ನಾಗಜ್ಯೋತಿ ಬೆಂಚು ನೋಡಿದಳು, ಅವನನ್ನು ನೋಡಿದಳು. ಕಿವಿಯ ಮೇಲೆ ಪೆನ್ನು, ಎದೆಯ ಮೇಲೆ ಹೆಸರಿನ ಬಿಲ್ಲೆ: ಗಾದಿಲಿಂಗಪ್ಪ. ವಯಸ್ಸು ಮೂವತ್ತಕ್ಕಿಂತ ಕಡಿಮೆಯೇ, ಹೆಸರು ಮಾತ್ರ ತಾತನದು. ಕಣ್ಣುಗಳು ಚೆನ್ನಾಗಿದ್ದವು. ಅದನ್ನು ಆಗ ಅವಳು ಒಪ್ಪಲಿಲ್ಲ ಅನ್ನುವುದು ಬೇರೆ ಮಾತು.

*

ಅವಳ ಪುಟಕ್ಕೆ ಜನ ಬಂದರು. ಊರಿನ ಇನ್ನೂ ನಾಲ್ಕು ಮನೆಯ ಹೆಂಗಸರು ಕೌದಿ ಹೊಲಿದು ಕೊಡತೊಡಗಿದರು. ಮಂಗಳವಾರ, ಶುಕ್ರವಾರ ನಾಗಜ್ಯೋತಿ ಆದೋನಿಗೆ ಹೋಗುವುದು ಖಾಯಮಾಯಿತು. ಹೋಗುವ ಹಿಂದಿನ ದಿನ ಪ್ಯಾಕಿಂಗ್ ವಿಡಿಯೋ ಮಾಡಿ ಲಿಂಗಪ್ಪನಿಗೆ ವಾಟ್ಸಾಪ್ ಮಾಡುವುದೂ ಖಾಯಮಾಯಿತು. ಸರಿ ಇದೆಯೋ ಇಲ್ಲವೋ ನೋಡಲಿ ಅಂತ. ಹಾಗಂತ ಅವಳೇ ಅಂದುಕೊಂಡಿದ್ದಳು.

"ಮುಖ ಹಿಡಿಯಬ್ಯಾಡ್ರಿ, ಮಾಲು ಹಿಡೀರಿ" ಎಂದು ಅವನು ಮೊದಲೇ ತಾಕೀತು ಮಾಡಿದ್ದ. ಹಾಗಾಗಿ ವಿಡಿಯೋದಲ್ಲಿ ಕಾಣುತ್ತಿದ್ದುದು ಅವಳ ಕೈಗಳು ಮಾತ್ರ. ಹಸಿರು ಬಳೆ, ಬಲ ಮಣಿಕಟ್ಟಿನ ಸಣ್ಣ ಮಚ್ಚೆ, ಕೌದಿಯ ಮೂಲೆಗಳನ್ನು ಒಂದೊಂದಾಗಿ ಸವರಿ ಮಡಚುವ ಬೆರಳು. ಆಮೇಲೆ ಅವಳ ದನಿ: "ತಾರೀಕು ಹದಿನಾಲ್ಕು, ತೂಕ ಎರಡು ಕೆಜಿ ಎಂಟುನೂರಾ ನಲವತ್ತು."

ಒಂದು ಮಂಗಳವಾರ ಲಿಂಗಪ್ಪ ರಸೀದಿ ಬರೆಯುತ್ತ ತಲೆ ಎತ್ತದೆ ಕೇಳಿದ. "ಎಡಗೈ ಹೆಬ್ಬೆಟ್ಟಿಗೆ ಬಟ್ಟಿ ಸುತ್ತಿತ್ತಲ್ರಿ. ಸೂಜಿ ಚುಚ್ಚೇತೇನು?"

ನಾಗಜ್ಯೋತಿ ಕೈ ಹಿಂದೆ ಅಡಗಿಸಿದಳು. "ನಿಮಗ ಹೆಂಗ ಗೊತ್ತು?"

"ವಿಡಿಯೋ ನೋಡಬೇಕಲ್ರಿ. ಡ್ಯೂಟಿ."

"ನನ್ನ ಹೆಬ್ಬೆಟ್ಟು ನೋಡೂದೂ ಡ್ಯೂಟಿಯಾಗ ಬರ್ತೈತೇನು?"

ಅವನ ಪೆನ್ನು ಒಂದು ಕ್ಷಣ ನಿಂತಿತು. ಕಿವಿ ಕೆಂಪಾದವು. ಆಟೋ ಹತ್ತಿದ ಮೇಲೂ ನಾಗಜ್ಯೋತಿಗೆ ಆ ಕಿವಿಗಳೇ ನೆನಪಾಗಿ ನಗು ಬರುತ್ತಿತ್ತು; ಎದುರಿಗೆ ಕೂತಿದ್ದ ಮೆಣಸಿನಕಾಯಿ ವ್ಯಾಪಾರಿ ತನ್ನನ್ನೇ ನೋಡಿ ನಗುತ್ತಿದ್ದಾಳೆ ಅಂದುಕೊಂಡು ಮೀಸೆ ತಿರುವಿದ. ಪಾಪ.

ಇನ್ನೊಮ್ಮೆ ಅವಳು ವಿಡಿಯೋ ನಿಲ್ಲಿಸುವುದನ್ನೇ ಮರೆತಳು. ಮಾರನೇ ದಿನ ಕೌಂಟರಿಗೆ ಹೋದರೆ ಲಿಂಗಪ್ಪ ತುಟಿ ಒತ್ತಿ ಹಿಡಿದು ನಗು ತಡೆಯುತ್ತಿದ್ದ. ಪ್ಲೇಟಿನಲ್ಲಿ ಮಂಡಕ್ಕಿ ಒಗ್ಗರಣೆಯ ಉಗ್ಗಾನಿ, ಅದರ ಮೇಲೆ ಎರಡು ಬಜ್ಜಿ. ಒಂದು ಬಜ್ಜಿ ಅವಳ ಕಡೆ ಸರಿಸಿದ.

"ಒಂದು ಮಾತು ನಿಮ್ಮಮ್ಮಗ ಹೇಳ್ರಿ."

"ಏನು?"

"ತಕ್ಕಡಿ ಮನಷ್ಯಾ ಬೈಯೂದಿಲ್ಲ, ಬರೇ ಹೇಳ್ತಾನ ಅಂತ."

ನಾಗಜ್ಯೋತಿಗೆ ತಕ್ಷಣ ನೆನಪಾಯಿತು. 'ಯಮ್ಮಾ, ಟೇಪ್ ಸೊಟ್ಟ ಆತು, ಆ ತಕ್ಕಡಿ ಮನಷ್ಯಾ ಬೈತಾನ' ಅಂದಿದ್ದಳು. ಅದಕ್ಕೆ ಅಮ್ಮ, 'ಬೈದ್ರ ಬೈಲಿ ಬಿಡು, ನಿನಗೇನು ಬ್ಯಾಸರ ಆದಂಗ ಕಾಣಂಗಿಲ್ಲ' ಅಂದಿದ್ದಳು. ಅದೂ ವಿಡಿಯೋದಲ್ಲಿ ಹೋಗಿದೆಯೇ? ಹೋಗಿದೆ! ಅವಳು ಬಜ್ಜಿ ತೆಗೆದುಕೊಂಡು ಓಡಿದಳು. ರಸೀದಿ ಕೌಂಟರಿನ ಮೇಲೇ ಉಳಿಯಿತು.

*

ಮಳೆಗಾಲ ಶುರುವಾಗುವ ಹೊತ್ತಿಗೆ ಸಿಕಂದರಾಬಾದಿನ ಸುಹಾಸಿನಿ ಎಂಬುವವರಿಂದ ದೊಡ್ಡ ಆರ್ಡರ್ ಬಂತು. ಇಬ್ಬರು ಹೊದೆಯುವ ಕೌದಿ, ಸುತ್ತ ಬಿಳಿ ಅಂಚು. ಸುಭದ್ರಮ್ಮ ಮೂರು ತಿಂಗಳು ಹೊಲಿದಳು. ಅಪ್ಪ ಯರ್ರೆಪ್ಪ ಕುರಿ ಹಿಂಡಿನ ಜೊತೆ ಊರೂರು ಅಲೆಯುವವನು, ಮನೆಗೆ ಬಂದಾಗೆಲ್ಲ "ಇನ್ನೂ ಮುಗಿಲಿಲ್ಲೇನ?" ಎನ್ನುತ್ತಿದ್ದ. ಕೌದಿಯ ನಟ್ಟನಡುವೆ ಸುಭದ್ರಮ್ಮ ತನ್ನ ಮದುವೆ ಸೀರೆಯ ತುಂಡೊಂದನ್ನು ಇಟ್ಟು ಹೊಲಿದಿದ್ದಳು. ಯಾಕೆ ಅಂತ ಹೇಳಲಿಲ್ಲ.

ನಾಗಜ್ಯೋತಿ ಪ್ಯಾಕ್ ಮಾಡಲು ಕೂತಾಗ ಅಮ್ಮ ಬಂದು ಬಾಗಿಲಲ್ಲಿ ನಿಂತಳು. "ಬರಿ ಉಡಿಲೆ ಕಳಸ್ತೀಯೇನ ಇದನ್ನ?"

ತವರು ಬಿಟ್ಟು ಹೊರಟ ಮಗಳ ಸೆರಗಿಗೆ ಅಕ್ಕಿ, ಅರಿಶಿಣ ಕೊಂಬು, ಅಡಿಕೆ, ಕುಂಕುಮ ತುಂಬಿ ಕಳಿಸುವುದು ಆ ಸೀಮೆಯ ರೂಢಿ. ಕೌದಿಗೂ ಉಡಿ ತುಂಬಬೇಕೆಂದು ಸುಭದ್ರಮ್ಮ ಹಠ ಹಿಡಿದದ್ದು ಇದೇ ಮೊದಲಲ್ಲ.

"ಯಮ್ಮಾ, ಅದು ಮಾಲು. ಮಗಳಲ್ಲ."

"ಮೂರು ತಿಂಗಳು ತೊಡಿ ಮ್ಯಾಲ ಹಾಕ್ಕೊಂಡು ಕುಂತೀನಿ. ನಿನಗ ಮಾಲು."

"ಪುಡಿ, ಕಾಳು ಏನೂ ಒಳಗ ಹಾಕಬಾರದು ಅಂತ ಲಿಂಗಪ್ಪನವರು ಹೇಳ್ಯಾರ."

"ಲಿಂಗಪ್ಪನವರು ಹೇಳ್ಯಾರ!" ಸುಭದ್ರಮ್ಮ ಮಗಳ ದನಿಯನ್ನೇ ಎಳೆದು ಅಣಕಿಸಿದಳು. "ಹಡೆದಾಕಿ ಹೇಳಿದ್ದು ಮಾತ್ರ ಕಿವಿಗೆ ಬೀಳೂದಿಲ್ಲ."

ನಾಗಜ್ಯೋತಿ ಮುಖ ತಿರುಗಿಸಿ ವಿಡಿಯೋ ಶುರು ಮಾಡಿದಳು. ನಾಲ್ಕು ಮೂಲೆ, ತಕ್ಕಡಿ, ಟೇಪು, ಸಹಿ. ಎಲ್ಲ ಸರಿಯಾಗಿ ಬಂತು.

ಮಾರನೇ ದಿನ ಗೋನೆಗಂಡ್ಲದಲ್ಲಿ ಚಿಕ್ಕಮ್ಮನ ಮಗಳ ಸೀಮಂತ. ಹುಡುಗಿಗೆ ಜಡೆ ಹಾಕಲು ನಾಗಜ್ಯೋತಿಯೇ ಬೇಕೆಂದು ಬೆಳಿಗ್ಗೆಯೇ ಫೋನ್. "ನೀ ಮುಂದ ಹೋಗು. ಪಾರ್ಸೆಲ್ ನಾ ಕೊಟ್ಟು ಬರ್ತೀನಿ" ಎಂದಳು ಅಮ್ಮ. ನಾಗಜ್ಯೋತಿ ನಂಬಿ ಹೋದಳು.

*

ಒಂಬತ್ತನೇ ದಿನ ದೂರು ಬಂತು. ಜೊತೆಗೆ ಮೂರು ಫೋಟೋ. ಬಿಳಿ ಅಂಚಿನ ಮೇಲೆ ಅಂಗೈಯಗಲ ಕೆಂಪು ಕಲೆ. ಮಳೆಯಲ್ಲಿ ನೆನೆದ ಡಬ್ಬಿ. ಮೂರನೆಯದನ್ನು ನಾಗಜ್ಯೋತಿ ದೊಡ್ಡದು ಮಾಡಿ ನೋಡಿದಳು: ಅವಳ ಸಹಿ ನಡುವೆ ಸೀಳಿತ್ತು, ಅದರ ಮೇಲೆ ಇನ್ನೊಂದು ಟೇಪು. ಆ ಟೇಪಿನ ಉದ್ದಕ್ಕೂ ಕೊರಿಯರ್ ಕಂಪನಿಯ ಮುದ್ರೆ.

'ಪಾರ್ಸೆಲ್ ದಾರಿಯಲ್ಲಿ ಬಿಚ್ಚಿದ್ದಾರೆ. ಹಣ ವಾಪಸ್ ಬೇಕು' ಎಂದು ಸುಹಾಸಿನಿ ಬರೆದಿದ್ದರು.

ಲಿಂಗಪ್ಪ ಕಲಿಸಿದ ಹಾಗೆಯೇ ಮಾಡಿದಳು. ಪ್ಯಾಕಿಂಗ್ ವಿಡಿಯೋ, ತೂಕ, ರಸೀದಿಯ ಫೋಟೋ, ಎಲ್ಲ ಆನ್‌ಲೈನ್ ಅಂಗಡಿಯವರಿಗೆ ಕಳಿಸಿದಳು. ಲಿಂಗಪ್ಪನಿಗೆ ಎರಡು ಸಲ ಫೋನ್ ಮಾಡಿದಳು, ಎತ್ತಲಿಲ್ಲ. ಎರಡೇ ದಿನದಲ್ಲಿ ತೀರ್ಪು ಬಂತು. ಮಾರಿದವರು ಸರಿಯಾಗಿ ಪ್ಯಾಕ್ ಮಾಡಿದ್ದಾರೆ, ವಿಡಿಯೋ ಸ್ಪಷ್ಟವಾಗಿದೆ, ಹೊಣೆ ಕೊರಿಯರಿನವರದು. ಅಬ್ಬ! ಅವಳು ನಿಟ್ಟುಸಿರು ಬಿಟ್ಟಳು.

ಶುಕ್ರವಾರ ಕೌಂಟರಿಗೆ ಹೋದರೆ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಹೊಕ್ಕಳು. ಲಿಂಗಪ್ಪನ ಕುರ್ಚಿಯಲ್ಲಿ ಬೇರೊಬ್ಬರು ಕೂತಿದ್ದರು. ಕರ್ನೂಲಿನಿಂದ ಬಂದ ಏರಿಯಾ ಮ್ಯಾನೇಜರ್ ತಿರುಪತಿ. ಲಿಂಗಪ್ಪ ಎದುರಿಗೆ ಕೈ ಕಟ್ಟಿ ನಿಂತಿದ್ದ. ಮೇಜಿನ ಮೇಲಿನ ಫೋನಿನಲ್ಲಿ ಓಡುತ್ತಿದ್ದುದು ಅವಳದೇ ವಿಡಿಯೋ, ಅವಳದೇ ಕೈ.

"ನಿನ್ನ ಕೌಂಟರಿನ ಟೇಪು. ರೋಲ್ ನಂಬರ್ ಐತಿ" ಎಂದರು ತಿರುಪತಿ. "ಹಚ್ಚಿದವರು ಯಾರು?"

"ನಾನ ಹಚ್ಚೀನಿ ಸರ್."

"ಬಿಚ್ಚಿದವರು?"

ಲಿಂಗಪ್ಪ ಒಮ್ಮೆ ನಾಗಜ್ಯೋತಿಯ ಕಡೆ ನೋಡಿ ತಲೆ ತಗ್ಗಿಸಿದ. "ಟೇಪ್ ಹಚ್ಚಿದಾಂವ ನಾನ ಅಂದ್ಮ್ಯಾಲ ತಪ್ಪು ನಂದ ಸರ್."

"ಸೋಮವಾರ ತನಕ ಟೈಮ್. ಸರಿಯಾಗಿ ಬರದು ಕೊಡು, ಇಲ್ಲಾಂದ್ರ ಕೀ ಕೊಟ್ಟು ಮನಿಗೆ ಹೋಗು" ಎಂದು ತಿರುಪತಿ ಚಹಾ ಕುಡಿಯಲು ಎದ್ದು ಹೋದರು.

ನಾಗಜ್ಯೋತಿ ಲಿಂಗಪ್ಪನ ಎದುರಿಗೆ ಬಂದು ನಿಂತಳು. ಮಾತಿನ ಜೊತೆಗೇ ಕಣ್ಣೀರೂ ಬಂತು. "ಸೂಜಿ ಚುಚ್ಚಿದ್ದು ಸುದ್ದಾ ಕಾಣತಿತ್ತಲ್ರಿ ನಿಮಗ! ಅಷ್ಟು ಕಷ್ಟಪಟ್ಟು ಹೊಲಿದದ್ದನ್ನ ಬಿಚ್ಚಾಕ ಮನಸ್ಸು ಹೆಂಗ ಬಂತು? ಏನರ ಹೇಳ್ರಿ. ನಾ ಬಿಚ್ಚಿಲ್ಲ ಅಂತ ಒಂದ ಮಾತು ಹೇಳ್ರಿ, ನಂಬ್ತೀನಿ."

ಅವನು ಹೇಳಲಿಲ್ಲ. ಮಾರ್ಕರಿನ ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತ. "ನೀವು ವಿಡಿಯೋ ಕಳಿಸಿದ್ದು ಚಲೋ ಮಾಡಿದ್ರಿ. ಅದನ್ನ ಅಳಿಸಬ್ಯಾಡ್ರಿ."

"ಇಷ್ಟು ದಿನ ನನಗ ಪಾಠ ಹೇಳಿದ್ದೆಲ್ಲಾ ನಾಟಕ ಏನು?"

"ಪಾಠ ಖರೇನ ಐತಿ" ಎಂದ ಮೆಲ್ಲಗೆ. "ಹೇಳಿದಾಂವಗ ಪಾಲಿಸಾಕ ಬರಲಿಲ್ಲ, ಅಷ್ಟ."

ಅವಳು ತಂದಿದ್ದ ಪಾರ್ಸೆಲ್ ಎತ್ತಿಕೊಂಡು ಹೊರಟುಬಿಟ್ಟಳು. ಮನೆ ಮುಟ್ಟುವವರೆಗೆ ಆಟೋದಲ್ಲಿ ಯಾರಿಗೂ ಮುಖ ತೋರಿಸಲಿಲ್ಲ.

*

ಸುಭದ್ರಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ಮಗಳ ಮುಖ ನೋಡಿ ಮೊರ ಬದಿಗಿಟ್ಟಳು. ನಾಗಜ್ಯೋತಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. "ಆ ಮನಷ್ಯಾ ಪಾರ್ಸೆಲ್ ಬಿಚ್ಚ್ಯಾನ ಯಮ್ಮಾ. ಒಪ್ಪಿಕೊಂಡ. ಸೋಮವಾರ ಅಂವನ್ನ ಕೆಲಸದಿಂದ ತಗೀತಾರ. ತಗೀಲಿ!"

ಸುಭದ್ರಮ್ಮನ ಕೈ ಬಾಯಿಗೆ ಹೋಯಿತು. "ಅಯ್ಯ ಶಿವನೇ! ಅಂವ ಯಾಕ ಬಿಚ್ತಾನ? ನಾನ ಬಿಚ್ಚೀನಿ."

ನಾಗಜ್ಯೋತಿ ಕೈಯಲ್ಲಿದ್ದ ಪಾರ್ಸೆಲ್ ಕೆಳಗಿಟ್ಟಳು.

"ಒಂದು ಹಿಡಿ ಅಕ್ಕಿ, ಒಂದು ಕೊಂಬು, ಅಡಿಕಿ, ಕುಂಕುಮದ ಪೊಟ್ಟಣ. ಸಣ್ಣ ಗಂಟು ಕಟ್ಕೊಂಡು ಹೋಗಿದ್ದೆ. ನೀ ಇದ್ರ ಬಿಡೂದಿಲ್ಲ ಅಂತ ಅಲ್ಲೇ ಹೋಗಿ ಬಿಚ್ಚಿದೆ. ಆ ಹುಡುಗ ಬ್ಯಾಡಮ್ಮಾ, ವಿಡಿಯೋ ಆಗೇತಿ, ಜ್ಯೋತಿಯವರಿಗೆ ತೊಂದ್ರಿ ಆಗ್ತೈತಿ ಅಂತ ಎಷ್ಟು ಹೇಳ್ದ. ನಾ ಕೇಳಲಿಲ್ಲ."

"ಯಾಕ ಯಮ್ಮಾ? ಯಾಕ ಕೇಳಲಿಲ್ಲ?"

ಸುಭದ್ರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನಮ್ಮವ್ವ ನಾ ಸಣ್ಣಾಕಿ ಇದ್ದಾಗ ಹೋದ್ಲು. ನನ್ನ ಮದುವಿ ದಿನ ನನ್ನ ಉಡಿ ತುಂಬೂದು ಯಾರಿಗೂ ನೆನಪಾಗಲಿಲ್ಲ. ಬರಿ ಸೆರಗು ಹಿಡ್ಕೊಂಡು ಬಂಡಿ ಹತ್ತಿದೆ. ಆ ಸೀರಿ ತುಂಡು ಕೌದಿಯಾಗ ಐತಿ. ಇನ್ನೊಂದು ಸಲ ಅದು ಬರಿ ಉಡಿಲೆ ಹೋಗಬಾರದು ಅಂತ ನನ್ನ ಜೀವ ತಡೀಲಿಲ್ಲ. ಇದನ್ನ ಆ ಹುಡುಗನ ಮುಂದ ಹೇಳಿದೆ. ಅಂವ ಸುಮ್ಮನ ಕೇಳ್ದ. ಆಮ್ಯಾಲ ತಾನ ಟೇಪ್ ಹರಿದು ಹಚ್ಚಿಕೊಟ್ಟ. ಜ್ಯೋತಿಯವರಿಗೆ ಹೇಳಬ್ಯಾಡ್ರಿ, ನಿಮ್ಮನ್ನ ಬೈತಾರ ಅಂದ."

ನಾಗಜ್ಯೋತಿ ಅಮ್ಮನ ಮಡಿಲಲ್ಲಿ ಮುಖವಿಟ್ಟು ಜೋರಾಗಿ ಅತ್ತಳು. ಅಮ್ಮನಿಗಾಗಿ ಅತ್ತಳೋ, ಅವನಿಗೆ ಅಂದ ಮಾತಿಗಾಗಿ ಅತ್ತಳೋ, ಸುಳ್ಳು ಯಾಕೆ, ಎರಡಕ್ಕೂ ಅತ್ತಳು. ಅವನು ಒಂದು ಮಾತು ಹೇಳಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಹೇಳಿದ್ದರೆ ಅವಳ ಅಂಗಡಿ ಹೋಗುತ್ತಿತ್ತು. ಅದಕ್ಕೇ ಬಾಯಿ ಮುಚ್ಚಿ ನಿಂತಿದ್ದ ಆ ತಕ್ಕಡಿ ಮನುಷ್ಯ.

ಈಗ ಅದೇ ತಕ್ಕಡಿ ಅವಳ ಕೈಯಲ್ಲಿತ್ತು. ನಿಯಮ ಅವಳಿಗೆ ಬಾಯಿಪಾಠ: ವಿಡಿಯೋ ಆದ ಮೇಲೆ ಮಾರಿದವರ ಕಡೆಯವರು ಪಾರ್ಸೆಲ್ ಬಿಚ್ಚಿದರೆ ಆ ವಿಡಿಯೋಗೆ ಬೆಲೆ ಇಲ್ಲ. ಕೌದಿಯ ಹಣ ಕೈಬಿಡುತ್ತದೆ, ಪುಟವನ್ನೂ ಮುಚ್ಚಬಹುದು. ನಾಲ್ಕು ಮನೆಯ ಹೆಂಗಸರು ಆ ಪುಟ ನಂಬಿ ಸೂಜಿ ಹಿಡಿದಿದ್ದರು. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಅವಳು ಎದ್ದು ಮುಖ ತೊಳೆದಳು. ಫೋನನ್ನು ಗೋಡೆಯ ಗೂಡಿನಲ್ಲಿ ಒರಗಿಸಿದಳು. ಈ ಸಲ ಕ್ಯಾಮೆರಾವನ್ನು ಮಾಲಿನ ಕಡೆ ಹಿಡಿಯಲಿಲ್ಲ, ತನ್ನ ಕಡೆ ತಿರುಗಿಸಿದಳು. ಅತ್ತು ಊದಿದ ಕಣ್ಣು, ಕೆದರಿದ ಕೂದಲು, ಏನಿದ್ದರೂ ಇರಲಿ.

"ನನ್ನ ಹೆಸರು ನಾಗಜ್ಯೋತಿ" ಎಂದಳು ತೆಲುಗಿನಲ್ಲಿ, ಸುಹಾಸಿನಿಗೆ ಅರ್ಥವಾಗಲೆಂದು. "ಪಾರ್ಸೆಲ್ ಬಿಚ್ಚಿದ್ದು ನಮ್ಮಮ್ಮ. ಕೌದಿಗೆ ಉಡಿ ತುಂಬಲು ಬಿಚ್ಚಿದಳು. ಆ ಕೆಂಪು ಕಲೆ ಕುಂಕುಮದ್ದು. ಕೌಂಟರಿನ ಗಾದಿಲಿಂಗಪ್ಪನವರು ಬೇಡ ಅಂದರು, ಅಮ್ಮ ಕೇಳಲಿಲ್ಲ. ಅವರು ಒಬ್ಬ ತಾಯಿಯ ಮಾತಿಗೆ ಟೇಪು ಹಚ್ಚಿಕೊಟ್ಟರು, ಅಷ್ಟೇ. ಹಣ ನಾನು ವಾಪಸ್ ಕೊಡುತ್ತೇನೆ. ನನ್ನ ಮೊದಲ ವಿಡಿಯೋ ಸುಳ್ಳಲ್ಲ, ಆದರೆ ಅದು ಪೂರ್ತಿ ನಿಜವೂ ಅಲ್ಲ."

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಸುಭದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾಗಜ್ಯೋತಿ ವಿಡಿಯೋವನ್ನು ಆನ್‌ಲೈನ್ ಅಂಗಡಿಗೆ ಕಳಿಸಿದಳು, ಸುಹಾಸಿನಿಗೆ ಕಳಿಸಿದಳು, ರಸೀದಿಯ ಹಿಂದಿನ ನಂಬರು ಹುಡುಕಿ ತಿರುಪತಿಗೂ ಕಳಿಸಿದಳು. ಲಿಂಗಪ್ಪನಿಗೆ ಮಾತ್ರ ಕಳಿಸಲು ಧೈರ್ಯ ಬರಲಿಲ್ಲ.

*

ಭಾನುವಾರ ಬೆಳಿಗ್ಗೆ ಸುಹಾಸಿನಿ ಫೋನ್ ಮಾಡಿದರು. ಬೈಯುತ್ತಾರೆಂದು ನಾಗಜ್ಯೋತಿ ಸ್ಪೀಕರ್ ಹಾಕದೆ ಕಿವಿಗೆ ಒತ್ತಿ ಹಿಡಿದಳು.

"ಆ ಗಂಟು ನೋಡಿ ನಾನು ಡಬ್ಬಿಯನ್ನೇ ದೂರ ತಳ್ಳಿಬಿಟ್ಟೆನಮ್ಮಾ" ಎಂದರು ಅವರು ತೆಲುಗಿನಲ್ಲಿ. "ಕೆಂಪು ನೀರು, ಒದ್ದೆ ಅಕ್ಕಿ, ಯಾರೋ ಏನೋ ಮಾಟ ಮಾಡಿ ಕಳಿಸಿದ್ದಾರೆ ಅಂದುಕೊಂಡೆ. ಹೆದರಿ ಅದರ ಫೋಟೋ ಕೂಡ ತೆಗೆಯಲಿಲ್ಲ, ದೂರಿನಲ್ಲೂ ಬರೆಯಲಿಲ್ಲ. ನಿನ್ನ ವಿಡಿಯೋನ ನಮ್ಮತ್ತೆಗೆ ತೋರಿಸಿದೆ. ಅವರು ನನ್ನ ತಲೆಗೆ ಒಂದು ಮೊಟಕಿದರು. ಹುಚ್ಚೀ, ಇದು ನಮ್ಮ ಒಡಿಬಿಯ್ಯಂ, ಉಡಿ ತುಂಬುವ ಅಕ್ಕಿ ಅಲ್ಲವೇ, ತವರಿನವರು ಕಳಿಸಿದ್ದನ್ನು ಯಾರಾದರೂ ವಾಪಸ್ ಮಾಡುತ್ತಾರಾ ಅಂದರು."

ನಾಗಜ್ಯೋತಿ ಮೆಲ್ಲಗೆ ಕೇಳಿದಳು. "ಕಲೆ?"

"ಹೋಗಿಲ್ಲ. ಎರಡು ಸಲ ಒಗೆದೆ. ಇರಲಿ ಬಿಡು. ದೂರು ವಾಪಸ್ ತೆಗೆದುಕೊಂಡಿದ್ದೇನೆ. ಅಮ್ಮನಿಗೆ ಫೋನ್ ಕೊಡು."

ಸುಭದ್ರಮ್ಮ ಫೋನ್ ಹಿಡಿದು ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ಇಪ್ಪತ್ತು ನಿಮಿಷ ಮಾತಾಡಿದಳು. ಅಷ್ಟರಲ್ಲಿ ಒಂದು ಸಲವೂ ಕ್ಷಮಿಸು ಅನ್ನಲಿಲ್ಲ. ಮುಂದಿನ ಸಲ ಕುಂಕುಮವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕುತ್ತೇನೆ ಅಂದಳು!

ಆನ್‌ಲೈನ್ ಅಂಗಡಿಯವರಿಗೆ ಮಾತ್ರ ಅತ್ತೆ ಇರಲಿಲ್ಲ. ನಿಯಮ ಮುರಿದದ್ದಕ್ಕೆ ಅವಳ ಪುಟವನ್ನು ಒಂದು ತಿಂಗಳು ನಿಲ್ಲಿಸಿದರು. ಲಿಂಗಪ್ಪನಿಗೆ ಎಚ್ಚರಿಕೆಯ ಪತ್ರ ಸಿಕ್ಕಿತು, ಕೌಂಟರ್ ಉಳಿಯಿತು. ತಿರುಪತಿ ಅವಳಿಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಅಮ್ಮಾ, ಆ ಹುಡುಗ ನಿನ್ನ ವಿಡಿಯೋ ನೋಡಿ ನನ್ನ ಎದುರಿಗೇ ಕಣ್ಣಾಗ ನೀರು ತಂದ. ಏನೋ ನೋಡ್ಕೊಳ್ರಿ ನೀವು ನೀವ."

*

ಕಳಿಸಲು ಮಾಲಿಲ್ಲದ ಶುಕ್ರವಾರವೂ ನಾಗಜ್ಯೋತಿ ಆದೋನಿಗೆ ಹೋದಳು. ಕೈಯಲ್ಲಿ ಸಣ್ಣದೊಂದು ಪಾರ್ಸೆಲ್. ಕೌಂಟರಿನ ಮುಂದೆ ಬೇರೆ ಯಾರೂ ಇರಲಿಲ್ಲ. ಲಿಂಗಪ್ಪ ತಲೆ ಎತ್ತಿದ, ಕಿವಿಯ ಮೇಲಿನ ಪೆನ್ನು ಜಾರಿ ಕೆಳಗೆ ಬಿತ್ತು.

"ನಾ ಅವತ್ತು ಅಂದದ್ದು..." ಎಂದಳು.

"ನಾ ಬಾಯಿ ಬಿಡದಿದ್ರ ನೀವು ಅನ್ನದ ಮತ್ತೇನ್ ಮಾಡ್ತೀರಿ."

"ನೀವು ಯಾಕ ಹೇಳಲಿಲ್ಲ?"

"ಹೇಳಿದ್ರ ನಿಮ್ಮ ಅಂಗಡಿ ಹೋಗತಿತ್ತು. ನಿಮ್ಮಮ್ಮ ನಿಮ್ಮ ಮುಂದ ತಲಿ ತಗ್ಗಿಸಬೇಕಾಗಿತ್ತು. ನಂದೇನು, ಇನ್ನೊಂದು ಕೆಲಸ ಸಿಗತಿತ್ತು." ಸ್ವಲ್ಪ ತಡೆದು, ರಸೀದಿ ಪುಸ್ತಕದ ಕಡೆ ನೋಡುತ್ತ ಸೇರಿಸಿದ. "ನಿಮ್ಮ ಕೈ ನೋಡೂದು ಮಾತ್ರ ತಪ್ಪತಿತ್ತು. ಅದೊಂದ ಸಂಕಟ ಆಗಿತ್ತು."

ನಾಗಜ್ಯೋತಿಯ ಮುಖ ಬೆಚ್ಚಗಾಯಿತು. "ಹೊಸ ವಿಡಿಯೋ ನೋಡಿದ್ರೇನು? ಮುಖ ಹಿಡಿಯಬ್ಯಾಡ್ರಿ ಅಂದಿದ್ರಿ. ಹಿಡಿದುಬಿಟ್ಟೆ."

"ತಿರುಪತಿ ಸಾರ್ ಕಳಿಸಿದ್ರು."

"ಎಷ್ಟು ಸಲ ನೋಡಿದ್ರಿ?"

"ಡ್ಯೂಟಿ ಇದ್ದಷ್ಟು" ಎಂದ. ಕಿವಿಗಳು ಮತ್ತೆ ಕೆಂಪಾದವು.

ಅವಳು ಪಾರ್ಸೆಲನ್ನು ತಕ್ಕಡಿಯ ಮೇಲಿಟ್ಟಳು. ನಂಬರ್ ಅಲ್ಲಾಡಿ ನಿಂತಿತು. ಎಂಬತ್ತು ಗ್ರಾಂ. ಲಿಂಗಪ್ಪ ಹುಬ್ಬು ಗಂಟಿಕ್ಕಿ ವಿಳಾಸ ಓದಿದ. 'ಗಾದಿಲಿಂಗಪ್ಪ, ಕೊರಿಯರ್ ಕೌಂಟರ್, ಆದೋನಿ.' ಟೇಪಿನ ಮೇಲೆ ಅರ್ಧ, ಡಬ್ಬಿಯ ಮೇಲೆ ಅರ್ಧ, ಅವಳ ಸಹಿ.

"ನನಗಾ?" ಅವನು ವಿಳಾಸವನ್ನು ಮತ್ತೊಮ್ಮೆ ಓದಿದ. "ಬಿಚ್ಚಲಾ?"

"ನಿಮ್ಮ ಹೆಸರಿಗೆ ಬಂದದ್ದು. ನೀವ ಬಿಚ್ಚಬೇಕು."

ಅವನು ಸಹಿ ಸೀಳದ ಹಾಗೆ ಅಂಚಿನಿಂದ ಟೇಪು ಬಿಡಿಸಲು ಒದ್ದಾಡಿದ. ಆಗಲಿಲ್ಲ. ಒಳಗಿದ್ದುದು ಮಡಚಿದ ಒಂದು ಹಸಿರು ಕುಬಸದ ಬಟ್ಟೆ. ಗಂಟು ಕಟ್ಟಲೆಂದು ನಾಲ್ಕು ತುದಿಗೂ ಸುಭದ್ರಮ್ಮ ಕೆಂಪು ದಾರದ ಹೊಲಿಗೆ ಹಾಕಿದ್ದಳು. ಅವನು ಬಟ್ಟೆ ಬಿಡಿಸಿದ, ಕೊಡವಿದ, ಡಬ್ಬಿಯೊಳಗೆ ಇಣುಕಿದ. ಬೇರೆ ಏನೂ ಇರಲಿಲ್ಲ.

"ಬರೇದೈತಲ್ರಿ ಇದು."

"ಹೌದು. ನಮ್ಮ ಕಡೆಯಿಂದ ಬರೇದ ಬರಬೇಕು." ನಾಗಜ್ಯೋತಿ ಕೌಂಟರಿನ ಮರದ ಅಂಚನ್ನು ಬೆರಳಿನಿಂದ ಸವರುತ್ತ ನಿಂತಳು. "ನಮ್ಮನ್ಯಾಗ ಹೆಣ್ಣು ಗೊತ್ತು ಮಾಡೋ ದಿನ ಉಡಿ ತುಂಬೂದು ಗಂಡಿನ ಕಡೆಯವರು."

ಲಿಂಗಪ್ಪ ಆ ಬಟ್ಟೆಯನ್ನು ನೋಡಿದ. ಅವಳನ್ನು ನೋಡಿದ. ಮತ್ತೆ ಬಟ್ಟೆ ನೋಡಿದ. ಯಾವ ಪಾರ್ಸೆಲಿಗೂ ಏನು ಮಾಡಬೇಕೆಂದು ಗೊತ್ತಿದ್ದವನಿಗೆ ಇದನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಕೊನೆಗೆ ಎರಡೂ ಕೈಯಿಂದ ಎದೆಗೆ ಒತ್ತಿಕೊಂಡು ನಿಂತುಬಿಟ್ಟ.

"ನಮ್ಮವ್ವ ಆಲೂರಾಗ ಅದಾಳ" ಎಂದ ಕೊನೆಗೆ. "ಕರಕೊಂಡು ಬರ್ತೀನಿ. ಯಾವತ್ತು ಬರ್ಲಿ?"

"ಬರೂ ಶುಕ್ರವಾರ ಅಪ್ಪ ಕುರಿ ಹಿಂಡು ಹೊಡ್ಕೊಂಡು ಊರಿಗೆ ಬರ್ತಾನ."

"ಶುಕ್ರವಾರ. ಹೂಂ." ಅವನು ತಲೆಯಾಡಿಸಿದ, ಮತ್ತೆ ತಲೆಯಾಡಿಸಿದ. ಸಂತೋಷ ಅವನ ಮುಖದಲ್ಲಿ ಹಿಡಿಸದೆ ಉಕ್ಕುತ್ತಿತ್ತು. "ಅಕ್ಕಿ, ಕೊಂಬು, ಅಡಿಕಿ, ಕುಂಕುಮ, ಎಲ್ಲಾ ತರ್ತೀನಿ. ಜ್ಯೋತೀ..."

ರೀ ಇಲ್ಲದೆ ಅವನು ಕರೆದದ್ದು ಅದೇ ಮೊದಲು. ಅವಳು ಆಗಲೇ ಶಟರ್ ದಾಟಿದ್ದವಳು ಹೊರಳಿ ನೋಡಿದಳು.

"ವಿಡಿಯೋ ಮಾಡಬೇಕೇನು?"

"ಮಾಡಬೇಕಪ್ಪಾ" ಎಂದಳು ನಾಗಜ್ಯೋತಿ. "ಆದ್ರ ಈ ಸಲ ಮುಖ ಹಿಡೀರಿ."